ಡಿಸೆಂಬರ್ 14ರ ಸಂಜೆ ನಿಮ್ಮ ಮನೆಯ ಮೀಟರ್ ಓದಿ!

ವಯನಾಡಿನ ಕನ್ನಡದ ಮನೆಮನೆಗೂ ಒಂದು ಕರೆ

ಬಾವಲಿ, ತೋಲ್ಪೆಟ್ಟಿ, ಪೆರಿಕ್ಕಲ್ಲೂರು, ಪುಲ್ಪಳ್ಳಿ, ಸುಲ್ತಾನ್ ಬತ್ತೇರಿಯ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಕಾಫಿ ಕೊಯ್ಲಿನ ಕಾಲ ಬಂತು. ಅಂಗಳ ಸಾರಿಸಿ, ಹಣ್ಣು ಹರವಿ, ಬಿಸಿಲಿಗೆ ಕಾಯುವ ದಿನಗಳಿವು. ಈ ಒಣಗಿಸುವ ಕೆಲಸಕ್ಕೆ ನಾವು ಎಂದೂ ಬಿಲ್ಲು ಕಟ್ಟಿದವರಲ್ಲ. ಅಜ್ಜ ಅಜ್ಜಿಯರ ಕಾಲದಿಂದ ಕಾಫಿ, ಮೆಣಸು, ಅಡಿಕೆ, ಭತ್ತ ಎಲ್ಲವನ್ನೂ ಒಣಗಿಸಿ ಕೊಟ್ಟವನು ಸೂರ್ಯ. ಈಗ ತೋಟದಂಚಿನ ಆನೆಬೇಲಿಗೂ ಅವನದೇ ಕರೆಂಟು. ಅಂಗಳಕ್ಕೆ, ಬೇಲಿಗೆ ಒದಗಿದ ಸೂರ್ಯನನ್ನು ಮನೆಯ ಮಾಡಿನ ಮೇಲೂ ಕರೆಯೋಣ. ಅವನು ಮುಳುಗಿದ ಮೇಲಿನ ನಾಲ್ಕು ಗಂಟೆ ಕೈ ಬಿಗಿ ಹಿಡಿಯೋಣ. ನಾವು ಹೇಳಬಂದಿರುವುದು ಇವೆರಡೇ ಮಾತು.

ಸ್ವಿಚ್ ಒತ್ತಿದರೆ ಖರ್ಚಾಗುವುದು ಏನು?

ಪಡಿಂಜಾರತ್ತರದ ಬಾಣಾಸುರ ಸಾಗರ ಕಬಿನಿಯ ಉಪನದಿಗೆ ಕಟ್ಟಿದ ಮಣ್ಣಿನ ಅಣೆ. ತಡೆಯದೇ ಬಿಟ್ಟಿದ್ದರೆ ಆ ನೀರು ಮೂಡಲಿಗೆ ಹರಿದು, ಎಚ್.ಡಿ. ಕೋಟೆಯ ಬೀಚನಹಳ್ಳಿ ಕಂಡು, ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಿತ್ತು. ಈಗ ಅದು ಸುರಂಗ ಹೊಕ್ಕು ಪಡುವಲಿಗೆ ಹೋಗಿ, ಕಕ್ಕಯಂನಲ್ಲಿ ಕುಟ್ಯಾಡಿ ಯೋಜನೆಯ ಟರ್ಬೈನ್ ತಿರುಗಿಸುತ್ತದೆ. ನಮ್ಮ ಹೊಳೆಯ ನೀರೇ ಬೆಳಕಾಗುತ್ತಿದೆ. ಅದೂ ಸಾಲದೆ ಕೇರಳ ತನಗೆ ಬೇಕಾದ ಕರೆಂಟಿನ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ಕೊಳ್ಳುತ್ತದೆ. ಅದರಲ್ಲಿ ಬಹುಪಾಲು ಕಲ್ಲಿದ್ದಲು ಸುಟ್ಟು ಬಂದದ್ದು.

ಮಳೆಯನ್ನೇ ನಂಬೋಣವೆಂದರೆ ಮಳೆ ಹದ ತಪ್ಪಿದೆ. 2023ರ ಮುಂಗಾರಿನಲ್ಲಿ ವಯನಾಡಿಗೆ ವಾಡಿಕೆಯ ಅರ್ಧದಷ್ಟೂ ಮಳೆ ಬೀಳಲಿಲ್ಲ. ಮರುವರ್ಷ, 2024ರ ಜುಲೈ 30ರ ಬೆಳಗು ಹರಿಯುವ ಮೊದಲೇ ಜಡಿಮಳೆಗೆ ಗುಡ್ಡ ಜಾರಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಬಿಸಿಯೇರಿದ ಭೂಮಿ ಆ ದಿನದ ಮಳೆಯನ್ನು ಸುಮಾರು ಶೇ. 10ರಷ್ಟು ಜೋರಾಗಿಸಿತ್ತು ಎಂದು ಹವಾಮಾನ ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವೊಂದು ಲೆಕ್ಕಹಾಕಿತು. ಒಂದು ಬಲ್ಬು ಆರಿಸಿದರೆ ಗುಡ್ಡ ಜಾರದು ಎಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಭೂಮಿಗೆ ಬಿಸಿ ಏರಿಸುವ ಹೊಗೆಯಲ್ಲಿ ನಮ್ಮ ಮನೆಯ ಪಾಲನ್ನು ಇಳಿಸುವುದು ನಮ್ಮ ಕೈಯಲ್ಲಿದೆ. ಆ ಊರುಗಳ ನೆನಪಿಗೆ ನಾವು ಅಷ್ಟಾದರೂ ಮಾಡಬೇಕು.

ಸಂಜೆ 6ರಿಂದ 10: ಈ ನಾಲ್ಕು ಗಂಟೆ ನೆನಪಿರಲಿ

ಇಡೀ ರಾಜ್ಯ ಒಟ್ಟಿಗೆ ಸ್ವಿಚ್ ಒತ್ತುವ ಹೊತ್ತಿದು. ಈ ಹೊತ್ತಿನಲ್ಲಿ ಉಳಿಸಿದ ಒಂದು ಯೂನಿಟ್ಟಿಗೆ ಬೆಲೆ ಹೆಚ್ಚು.

1. ನೀರಿನ ಮೋಟಾರ್, ಇಸ್ತ್ರಿ, ಬಟ್ಟೆ ತೊಳೆಯುವ ಯಂತ್ರ, ದೋಸೆ ಹಿಟ್ಟಿನ ಗ್ರೈಂಡರ್ ಹಗಲಿನಲ್ಲೇ ಮುಗಿಯಲಿ. 1 ಎಚ್‌ಪಿ ಮೋಟಾರ್ ಒಂದು ಗಂಟೆ ಓಡಿದರೆ ಮುಕ್ಕಾಲು ಯೂನಿಟ್ಟಿಗೂ ಹೆಚ್ಚು ತಿನ್ನುತ್ತದೆ.

2. ಕೊಟ್ಟಿಗೆ, ಬಚ್ಚಲು, ಸೌದೆಮನೆಯಲ್ಲಿ ಹಳೆಯ 60 ವ್ಯಾಟ್ ಬಲ್ಬು ಇನ್ನೂ ಇದೆಯೇ, ನೋಡಿ. ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಆ ಜಾಗಕ್ಕೆ 9 ವ್ಯಾಟ್‌ನ ಎಲ್‌ಇಡಿ ಹಾಕಿದರೆ ಒಂದೂವರೆ ಯೂನಿಟ್ಟೂ ಆಗದು.

3. ಹೊಸ ಫ್ಯಾನ್ ಕೊಳ್ಳುವಾಗ ಬಿಎಲ್‌ಡಿಸಿ ಫ್ಯಾನ್ ಕೇಳಿ. ಹಳೆಯದು 75 ವ್ಯಾಟ್ ಎಳೆದರೆ ಇದಕ್ಕೆ 30ರ ಆಸುಪಾಸು ಸಾಕು. ಫ್ರಿಜ್ಜು ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಸ್ಟಾರ್ ಎಣಿಸಿ.

4. ಟಿವಿಯನ್ನು ರಿಮೋಟಿನಲ್ಲಿ ಆರಿಸಿ ಮಲಗಬೇಡಿ, ಗೋಡೆಯ ಸ್ವಿಚ್ಚೂ ಆರಲಿ.

5. ಬೆಳಗಾದರೂ ಉರಿಯುವ ಬೀದಿದೀಪ ಕಂಡರೆ ಪಂಚಾಯಿತಿ ಸದಸ್ಯರಿಗೆ ಹೇಳಿ. ಆ ಕರೆಂಟಿನ ಹಣವೂ ನಮ್ಮದೇ.

6. ಬೇಲಿಗೆ ಲೈನ್ ಕರೆಂಟು ಕೊಡಬೇಡಿ! ಅದು ಅಪರಾಧ. ಆನೆಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ.

ಹೊಳೆಯಾಚೆ ಬೈರಕುಪ್ಪೆಯ ನೆಂಟರಿಗೆ 2023ರಿಂದ ಗೃಹಜ್ಯೋತಿ ಇದೆ. 200 ಯೂನಿಟ್ ಮಿತಿಯೊಳಗೆ ಅವರಿಗೆ ಉಚಿತ. ಈ ದಡದಲ್ಲಿ ಎರಡು ತಿಂಗಳಿಗೊಮ್ಮೆ ಕೆಎಸ್‌ಇಬಿ ಬಿಲ್ಲು ಬರುತ್ತದೆ. ತಿಂಗಳ ಬಳಕೆ 250 ಯೂನಿಟ್ ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಮೇಲಿನ ದರ. ಆ 250ರ ಮಿತಿಯ ಹತ್ತಿರ ಇರುವ ಮನೆಗೆ ನಾಲ್ಕಾರು ಯೂನಿಟ್ ಉಳಿಸಿದರೂ ದೊಡ್ಡ ಲಾಭ.

ಮಾಡಿನ ಮೇಲಿನ ಬಿಸಿಲು

ಸ್ವಂತ ಮನೆ, ಮರದ ನೆರಳು ಬೀಳದ ಮಾಡು ಇದ್ದವರು ಪಿಎಂ ಸೂರ್ಯಘರ್ ಯೋಜನೆಗೆ ಅರ್ಜಿ ಹಾಕಿ. 1 ಕಿಲೋವ್ಯಾಟ್‌ಗೆ 30,000 ರೂ., 2 ಕಿಲೋವ್ಯಾಟ್‌ಗೆ 60,000 ರೂ., 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂ. ಸಬ್ಸಿಡಿ ಇದೆ. 1 ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಜಾಗ ಸಾಕು. ಒಳ್ಳೆಯ ಬಿಸಿಲಿನ ದಿನ ಸುಮಾರು 4 ಯೂನಿಟ್ ಸಿಗುತ್ತದೆ. ನಾವು ಬಳಸಿ ಉಳಿದದ್ದು ಲೈನಿಗೆ ಹೋಗಿ ನಮ್ಮ ಲೆಕ್ಕಕ್ಕೆ ಸೇರುತ್ತದೆ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಆಷಾಢದ ಜಡಿಮಳೆಯಲ್ಲಿ ಉತ್ಪಾದನೆ ತೀರಾ ಇಳಿಯುತ್ತದೆ. ಬ್ಯಾಟರಿ ಇಲ್ಲದಿದ್ದರೆ ಲೈನ್ ಹೋದಾಗ ಸೋಲಾರೂ ನಿಲ್ಲುತ್ತದೆ. ಇದನ್ನೆಲ್ಲ ಕೇಳಿ ತಿಳಿದು, ಕೆಎಸ್‌ಇಬಿ ಸೆಕ್ಷನ್ ಕಚೇರಿಯಲ್ಲಿ ವಿಚಾರಿಸಿಯೇ ಸಹಿ ಹಾಕಿ.

ಬಿಸಿಲಿನ ಕರೆಂಟೂ ಉಳಿತಾಯವೂ ನಮ್ಮ ನೆಲಕ್ಕೆ ಹೊಸತಲ್ಲ. 2017ರ ಡಿಸೆಂಬರಿನಲ್ಲಿ ಬಾಣಾಸುರ ಸಾಗರದ ನೀರಿನ ಮೇಲೆಯೇ 500 ಕಿಲೋವ್ಯಾಟ್‌ನ ತೇಲುವ ಸೋಲಾರ್ ಘಟಕ ಶುರುವಾಯಿತು. ನಮ್ಮ ಮೀನಂಗಾಡಿ ಪಂಚಾಯಿತಿ 2016ರಲ್ಲೇ ಇಂಗಾಲದ ಲೆಕ್ಕ ಸರಿತೂಗಿಸಲು ಹೊರಟಿತು. ಅಲ್ಲಿ ಮರ ಬೆಳೆಸಿ ಕಾಯುವ ರೈತರಿಗೆ ಬ್ಯಾಂಕಿನ ಸಾಲ ಕೊಡುವ ಯೋಜನೆಯೂ ಬಂತು. ಕಾಸರಗೋಡಿನ ಪಿಲಿಕ್ಕೋಡು ಪಂಚಾಯಿತಿ ಊರಿಗೆ ಊರೇ ಹಳೆಯ ಬಲ್ಬು ಬಿಟ್ಟು ಎಲ್‌ಇಡಿಗೆ ಬಂದಿತು. ಅವರೂ ನಮ್ಮ ಹಾಗೆ ಬಿಲ್ಲು ಕಟ್ಟುವ ಸಂಸಾರಸ್ಥರೇ.

ಈಗ ನೀವು ಮಾಡಬೇಕಾದದ್ದು

ಡಿಸೆಂಬರ್ 14 ರಾಷ್ಟ್ರೀಯ ಇಂಧನ ಉಳಿತಾಯ ದಿನ. ಅಂದು ಸಂಜೆ 6ಕ್ಕೆ ಮನೆಯ ಮಕ್ಕಳ ಕೈಯಲ್ಲಿ ಮೀಟರ್ ಓದಿಸಿ, ಕ್ಯಾಲೆಂಡರಿನ ಮೇಲೆ ಬರೆಸಿ. ರಾತ್ರಿ 10ಕ್ಕೆ ಮತ್ತೆ ಓದಿಸಿ ಕಳೆಯಿರಿ. ಬಂದ ಅಂಕಿ ನಿಮ್ಮ ಮನೆಯ ಸಂಜೆಯ ಖರ್ಚು. ಮೇಲೆ ಹೇಳಿದ್ದನ್ನು ಒಂದು ವಾರ ಪಾಲಿಸಿ, ಡಿಸೆಂಬರ್ 21ರ ಸಂಜೆ ಮತ್ತೆ ಲೆಕ್ಕ ನೋಡಿ. ಎರಡೂ ಅಂಕಿಗಳನ್ನು ನಿಮ್ಮ ಕುಟುಂಬಶ್ರೀ ಅಯಲ್ಕೂಟದಲ್ಲಿ ಹೇಳಿ. ಕಡಿಮೆಯಾದ ಮನೆಯವರು ಹೇಗೆಂದು ಪಕ್ಕದ ಮನೆಗೆ ಕಲಿಸಲಿ.

ಸ್ವಂತ ಮಾಡಿಲ್ಲದ ಎಸ್ಟೇಟ್ ಪಾಡಿಯ ಬಂಧುಗಳೂ, ಹಾಡಿಯ ಬಂಧುಗಳೂ ಇದರಲ್ಲಿ ಸೇರಲಿ. ಓದು ಬಾರದವರಿಗೆ ಇದನ್ನು ಓದಿ ಹೇಳಿ. ಓದಿದ ಮೇಲೆ ಎಸೆಯದೆ ಮೀಟರ್ ಪೆಟ್ಟಿಗೆಯ ಪಕ್ಕ ಅಂಟಿಸಿ.

ಹಗಲು ಸೂರ್ಯನ ಕೆಲಸ, ಸಂಜೆ ನಮ್ಮ ಕೆಲಸ!
ಉಳಿಸಿದ ಯೂನಿಟ್, ಉಳಿದ ಹೊಳೆ!

ಇಂತಿ,
ನಿಮ್ಮೂರಿನ ನೆರೆಹೊರೆಯವರು