ಪುಕ್ಕಟೆ ಪರೀಕ್ಷೆಯೂ ಸಣ್ಣ ವ್ಯಾಪಾರಿಯೂ

ಸಂತೆಯಲ್ಲಿ ಬೆಲ್ಲ ಕೊಳ್ಳುವವನು ಮೊದಲು ಒಂದು ಚೂರನ್ನು ಬಾಯಿಗೆ ಹಾಕಿ ನೋಡುತ್ತಾನೆ. ರುಚಿಸಿದರೆ ಕೊಳ್ಳುತ್ತಾನೆ, ಇಲ್ಲದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಾನೆ. ಮಾದರಿ ನೋಡಿ ಕೊಳ್ಳುವ ಈ ಪದ್ಧತಿ ನಮ್ಮಲ್ಲಿ ಹೊಸದೇನೂ ಅಲ್ಲ. ಇಂದು ಲೆಕ್ಕ ಬರೆಯುವ, ಬಿಲ್ಲು ಹಾಕುವ, ದಾಸ್ತಾನು ನೋಡಿಕೊಳ್ಳುವ ಸಾಧನಗಳೆಲ್ಲ ಮೊಬೈಲಿನಲ್ಲಿಯೇ ದೊರೆಯುತ್ತವೆ. "ಒಂದು ತಿಂಗಳು ಉಚಿತ" ಎಂಬ ಕರೆ ಹಳ್ಳಿಯ ಅಂಗಡಿಗೂ ಬಂದು ಮುಟ್ಟಿದೆ. ಇದರಿಂದ ಸಣ್ಣ ವ್ಯಾಪಾರಿಗೆ ಉಳಿತಾಯವೇ, ನಷ್ಟವೇ ಎಂಬುದನ್ನು ಅರ್ಥಶಾಸ್ತ್ರ ಓದುವ ನಾವು ವಿಚಾರಮಾಡಬೇಕಾಗಿದೆ.

ಪುಕ್ಕಟೆ ಪರೀಕ್ಷೆ ಕೆಟ್ಟದ್ದೆಂದು ನಾನು ಹೇಳುವವನಲ್ಲ. ದೊಡ್ಡ ಕಂಪನಿ ಒಂದು ಯಂತ್ರವನ್ನು ಕೊಂಡು ಉಪಯೋಗಕ್ಕೆ ಬಾರದಿದ್ದರೆ ಆ ನಷ್ಟವನ್ನು ತಾಳಿಕೊಳ್ಳಬಲ್ಲುದು; ಸಣ್ಣ ಅಂಗಡಿಯವನು ತಾಳಲಾರನು. ಆದುದರಿಂದ ಕಾಸು ಕೊಡದೆ ಪರೀಕ್ಷಿಸುವ ಅವಕಾಶ ಬಡವನಿಗೇ ಹೆಚ್ಚು ಬೇಕು. ಆದರೆ ಬೆಲ್ಲದ ವ್ಯಾಪಾರಿಗೂ ಈ ಹೊಸ ವ್ಯಾಪಾರಿಗೂ ಒಂದು ಭೇದವುಂಟು. ಬೆಲ್ಲ ಬೇಡವೆಂದು ಹೋದವನ ಜೇಬಿಗೆ ಮರುವಾರ ಯಾರೂ ಕೈಹಾಕುವುದಿಲ್ಲ. ಇಲ್ಲಿಯಾದರೋ ಪರೀಕ್ಷೆ ಆರಂಭವಾಗುವ ದಿನವೇ ಹಣ ಕಡಿಯುವ ಒಪ್ಪಿಗೆಯನ್ನು ಬರೆಸಿಕೊಂಡಿರುತ್ತಾರೆ. ಅವಧಿ ಮುಗಿದೊಡನೆ ಸದಸ್ಯತ್ವದ ಹಣ ತಾನಾಗಿಯೇ ಹೋಗುತ್ತದೆ.

ನನ್ನ ತಂದೆಯವರದು ಚಿಕ್ಕ ಕಿರಾಣಿ ಅಂಗಡಿ. ನಾಲ್ಕನೆಯ ತರಗತಿಯವರೆಗೆ ಓದಿದವರು; ಬಾಯಿಲೆಕ್ಕದಲ್ಲಿ ನನ್ನನ್ನು ಸೋಲಿಸುತ್ತಾರೆ. ಬಿಲ್ಲು ಹಾಕುವ ಸಾಧನವೊಂದನ್ನು ಒಬ್ಬ ಏಜೆಂಟನು ತಿಂಗಳ ಮಟ್ಟಿಗೆ ಉಚಿತವೆಂದು ಹಾಕಿಕೊಟ್ಟುಹೋದನು. ಅವರು ಅದನ್ನು ಬಳಸಲಿಲ್ಲ. ಆದರೂ ಐದು ತಿಂಗಳು ಹಣ ಕಡಿಯಿತು. ಮುನ್ಸೂಚನೆ ಬಂದಿರಲಿಲ್ಲವೇ ಎಂದರೆ, ಬಂದಿತ್ತು. ಅದು ಇಂಗ್ಲಿಷಿನಲ್ಲಿತ್ತು.

ತಿಂಗಳಿಗೆ 299 ರೂಪಾಯಿ ಎಂದರೆ ಅಲ್ಪವೆನಿಸಬಹುದು. ವರ್ಷಕ್ಕೆ 3,588 ರೂಪಾಯಿಯಾಯಿತು. ರೂಪಾಯಿಗೆ ಹತ್ತು ಪೈಸೆ ಲಾಭವೆಂದು ಇಟ್ಟುಕೊಂಡರೂ ಅಷ್ಟನ್ನು ತುಂಬಿಕೊಳ್ಳಲು 35,880 ರೂಪಾಯಿನ ಸರಕನ್ನು ತೂಗಿ, ಕಟ್ಟಿ, ಮಾರಬೇಕು!

ಕಾನೂನು ಸುಮ್ಮನೆ ಕುಳಿತಿಲ್ಲ. 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಇಂತಹ ಹಣವನ್ನು ಕಡಿಯುವ 24 ಗಂಟೆ ಮೊದಲು ಸೂಚನೆ ಕೊಡಬೇಕು. ಆದರೆ ಸಾಮಾನ್ಯವಾಗಿ 15,000 ರೂಪಾಯಿಯವರೆಗೆ ಪ್ರತಿಸಲವೂ ಗುಪ್ತಸಂಖ್ಯೆ ಕೇಳಬೇಕಾಗಿಲ್ಲ. ಸೇರುವುದನ್ನು ಸುಲಭಮಾಡಿ ಬಿಡುವುದನ್ನು ಕಷ್ಟಮಾಡುವ 'ಚಂದಾ ಬಲೆ'ಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ನಿಷಿದ್ಧ ತಂತ್ರಗಳಲ್ಲಿ ಸೇರಿಸಿತು. ಆದರೆ ಓದಲಾಗದ ಸೂಚನೆ ಇದ್ದೂ ಇಲ್ಲದಂತೆಯೇ ಸರಿ.

ಹಾಗಾದರೆ ವ್ಯಾಪಾರಿ ಮಾಡಬೇಕಾದುದೇನು? ಮೊದಲನೆಯದಾಗಿ, ಪರೀಕ್ಷೆಯನ್ನು ವ್ಯಾಪಾರ ಬಿರುಸಾಗಿರುವ ದೀಪಾವಳಿಯಂತಹ ಕಾಲದಲ್ಲಿ ಆರಂಭಿಸಬೇಕು. ಬಿಡುವಿನ ದಿನಗಳಲ್ಲಿ ಯಾವ ಸಾಧನದ ಯೋಗ್ಯತೆಯೂ ತಿಳಿಯದು. ಎರಡನೆಯದಾಗಿ, ಅವಧಿ ಮುಗಿಯುವ ಮೂರು ದಿನ ಮೊದಲಿನ ತಾರೀಖಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಮೂರನೆಯದಾಗಿ, ಆ್ಯಪನ್ನು ಮೊಬೈಲಿನಿಂದ ಅಳಿಸಿದ ಮಾತ್ರಕ್ಕೆ ಹಣ ಕಡಿಯುವುದು ನಿಲ್ಲದೆಂಬುದನ್ನು ತಿಳಿದಿರಬೇಕು. ಹಣ ಪಾವತಿಮಾಡುವ ಆ್ಯಪಿನಲ್ಲಿಯೋ ಬ್ಯಾಂಕಿನಲ್ಲಿಯೋ 'ಆಟೋಪೇ' ಒಪ್ಪಿಗೆಯನ್ನೇ ರದ್ದುಮಾಡಬೇಕು. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ನಿಜವಾಗಿಯೂ ಪುಕ್ಕಟೆಯಾದವುಗಳೂ ಇವೆ. ಅವುಗಳಿಗೆ ಏಜೆಂಟರಿಲ್ಲವಾದುದರಿಂದ ಪ್ರಚಾರವಿಲ್ಲ. 2020ರ ಜುಲೈ 1ರಂದು ಆರಂಭವಾದ 'ಉದ್ಯಮ್' ನೋಂದಣಿಗೆ ಸರ್ಕಾರ ಒಂದು ಕಾಸನ್ನೂ ಕೇಳುವುದಿಲ್ಲ. ಲೆಕ್ಕದ ಹಾಳೆಗೆ 'ಲಿಬ್ರೆ ಆಫೀಸ್', ಕನ್ನಡ ಬರೆಯಲು 'ನುಡಿ' ಧರ್ಮಾರ್ಥವಾಗಿ ದೊರೆಯುತ್ತವೆ; ಅವಕ್ಕೆ ಅವಧಿಯೆಂಬುದಿಲ್ಲ.

'ಸದಸ್ಯತ್ವ' ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಹಿರಿದಾದ ಅರ್ಥವಿತ್ತೆಂಬುದನ್ನು ಮರೆಯಬಾರದು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದರು. ಸಹಕಾರ ಸಂಘದಲ್ಲಿ ಸದಸ್ಯನೆಂದರೆ ಪಾಲುದಾರ. ಅವನಿಗೆ ಒಂದು ಮತವುಂಟು, ಲೆಕ್ಕ ಕೇಳುವ ಹಕ್ಕುಂಟು. ಇಂದಿನ ಸದಸ್ಯನಿಗೆ ಹಣ ಕಟ್ಟುವ ಹಕ್ಕೊಂದೇ! ಹತ್ತು ಅಂಗಡಿಯವರು ಕೂಡಿ ಕಂಪನಿಯೊಡನೆ ದರ ಮಾತನಾಡಿದರೆ, ಒಬ್ಬೊಬ್ಬನೇ ಪುಕ್ಕಟೆಗೆ ಆಸೆಪಡುವುದಕ್ಕಿಂತ ಹೆಚ್ಚು ಉಳಿತಾಯವಾದೀತು.

"ಓದದೆ ಒಪ್ಪಿಗೆ ಕೊಟ್ಟವನದೇ ತಪ್ಪು" ಎನ್ನುವವರಿದ್ದಾರೆ. ಅವನು ಓದದೆ ಉಳಿದು ನಮ್ಮನ್ನು ಓದಿಸಿದನೆಂಬುದನ್ನು ಅವರು ಗಮನಿಸಲಿ. ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಗೆ ಮೊದಲ ಪದವೀಧರರಾಗಲಿರುವವರು ಅನೇಕರು. ನಮ್ಮ ಅರ್ಥಶಾಸ್ತ್ರ ಸಂಘವು ವರ್ಷಕ್ಕೆರಡು ಭಾನುವಾರ ಪೇಟೆಯಲ್ಲಿ ಮೇಜು ಹಾಕಿ ಕುಳಿತು, ಅಂಗಡಿಯವರ ಸಂದೇಶಗಳನ್ನು ಕನ್ನಡದಲ್ಲಿ ಓದಿಹೇಳಿ, ಬೇಡದ ಒಪ್ಪಿಗೆಗಳನ್ನು ಅವರ ಕೈಯಿಂದಲೇ ರದ್ದುಮಾಡಿಸಬಾರದೇಕೆ? ಅವರ ಗುಪ್ತಸಂಖ್ಯೆಯನ್ನು ನಾವು ಕೇಳಬೇಕಾಗಿಲ್ಲ, ಓದಿಹೇಳಿದರೆ ಸಾಕು. ಅಧ್ಯಾಪಕವರ್ಗವು ಈ ಸೂಚನೆಯನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.