ಹಾಕಿದ್ದನ್ನು ಹಿಂದಕ್ಕೆ ತೆಗೆಯಲಾಗದು

ಕೃಷಿ ಪತ್ರಿಕೆಯಲ್ಲಿ ಗಾಳದ ಮಾತೇಕೆ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನಾನು ಬೇಸಾಯಶಾಸ್ತ್ರದವನು, ಮೀನುಗಾರಿಕೆ ನನ್ನ ವಿಷಯವಲ್ಲ. ಆದರೆ ಗೊಬ್ಬರದ ಬಗೆಗೆ ಪುಸ್ತಕದಲ್ಲಿ ಓದಿ, ತರಗತಿಯಲ್ಲಿ ಪಾಠ ಹೇಳಿ, ರೈತರ ಸಭೆಗಳಲ್ಲಿ ಭಾಷಣ ಮಾಡಿದ ಮೇಲೂ ನನ್ನ ಮನಸ್ಸಿಗೆ ಪೂರ್ತಿ ನಾಟದಿದ್ದ ಒಂದು ಸಂಗತಿ, ಇಂಗ್ಲೆಂಡಿನ ನದಿಯೊಂದರ ದಡದಲ್ಲಿ ಐದು ಗಂಟೆಗಳಲ್ಲಿ ನಾಟಿತು. ಅದನ್ನು ರೈತ ಬಾಂಧವರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ, ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕೃಷಿ ವಿಭಾಗವಿರುವ ಸಟನ್ ಬಾನಿಂಗ್ಟನ್ ಎಂಬ ಹಳ್ಳಿಯಲ್ಲಿ ಕೆಲವು ತಿಂಗಳು ಕಳೆಯುವ ಅವಕಾಶ ನನಗೆ ದೊರೆಯಿತು. ಅದರ ಪಕ್ಕದಲ್ಲೇ ಸೋರ್ ಎಂಬ ನದಿ ಹರಿದು ಮುಂದೆ ಟ್ರೆಂಟ್ ನದಿಯನ್ನು ಸೇರುತ್ತದೆ. ಒಂದು ಭಾನುವಾರ ದಡದುದ್ದಕ್ಕೂ ಜನ ಸಾಲಾಗಿ, ಮೌನವಾಗಿ ಕುಳಿತಿದ್ದನ್ನು ಕಂಡು ವಿಚಾರಿಸಿದೆ. ಅದು ಗಾಳದ ಪಂದ್ಯವೆಂದು ತಿಳಿಯಿತು. ಸಾಲ್ಮನ್ ಮತ್ತು ಟ್ರೌಟ್ ಜಾತಿಗಳನ್ನು ಬಿಟ್ಟು ಉಳಿದ ಸಿಹಿನೀರಿನ ಮೀನುಗಳನ್ನು ಅಲ್ಲಿ ‘ಕೋರ್ಸ್ ಫಿಶ್’ ಎಂದು ಕರೆಯುತ್ತಾರೆ. ರೋಚ್, ಬ್ರೀಮ್, ಚಬ್, ಟೆಂಚ್, ಪರ್ಚ್ ಇವು ಮುಖ್ಯವಾದವು. ಪರ್ಚ್ ಒಂದನ್ನು ಬಿಟ್ಟರೆ ಉಳಿದವು ನಮ್ಮ ಗೆಂಡೆ, ರೋಹುಗಳ ಬಳಗದವೇ.

ಪಂದ್ಯದ ನಿಯಮ ಸರಳ. ದಡದಲ್ಲಿ ಅಂತರ ಬಿಟ್ಟು ಗೂಟಗಳನ್ನು ನೆಟ್ಟು ಸಂಖ್ಯೆ ಬರೆದಿರುತ್ತಾರೆ. ಚೀಲದಲ್ಲಿ ಕೈಹಾಕಿ ಚೀಟಿ ಎತ್ತಿದಾಗ ಯಾವ ಸಂಖ್ಯೆ ಬರುವುದೋ ಆ ಗೂಟದ ಬಳಿಯೇ ಕೂರಬೇಕು. ಸೀಟಿ ಊದುವವರೆಗೆ ನೀರಿಗೆ ಮೇವು ಹಾಕುವಂತಿಲ್ಲ. ಸಾಮಾನ್ಯವಾಗಿ ಐದು ಗಂಟೆಗಳ ಅವಧಿ. ಹಿಡಿದ ಮೀನುಗಳನ್ನು ನೀರಿನಲ್ಲೇ ಇಳಿಬಿಟ್ಟ ಉದ್ದನೆಯ ಬಲೆಚೀಲದಲ್ಲಿ ಜೀವಂತವಾಗಿ ಇಟ್ಟುಕೊಂಡು, ಕೊನೆಯಲ್ಲಿ ತೂಕ ಮಾಡಿ, ಮತ್ತೆ ನದಿಗೇ ಬಿಡುತ್ತಾರೆ. ಮೀನು ಮರಿ ಮಾಡುವ ಕಾಲವೆಂದು ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಈ ಮೀನುಗಳಿಗೆ ಗಾಳ ಹಾಕುವುದು ನಿಷಿದ್ಧ. ಈ ಬಗೆಯ ನಿಷೇಧ ಅಲ್ಲಿ 1878ರ ಕಾಯಿದೆಯಿಂದ ಆರಂಭವಾಯಿತು.

ಚೀಟಿಯ ಮೇಲೆ ನಿಂತ ಆಟ ಕೇವಲ ಅದೃಷ್ಟದ್ದೆಂದು ನಾನೂ ಭಾವಿಸಿದ್ದೆ. ಆದರೆ ಬಾಬ್ ನಡ್ ಎಂಬ ಆಂಗ್ಲ ಗಾಳಗಾರರು 1990, 1991, 1994 ಮತ್ತು 1999ರಲ್ಲಿ, ಹೀಗೆ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದರು. ಅಲನ್ ಸ್ಕಾಟ್‌ಹಾರ್ನ್ ಐದು ಬಾರಿ ಗೆದ್ದರು. ಅದೃಷ್ಟ ಒಬ್ಬನನ್ನೇ ಇಷ್ಟು ಸಲ ಹುಡುಕಿಕೊಂಡು ಬರುವುದಿಲ್ಲ. ಪಿತ್ರಾರ್ಜಿತವಾಗಿ ಬಂದ ಜಮೀನನ್ನು ನಾವು ಆರಿಸಿಕೊಂಡಿರುವುದಿಲ್ಲ. ಅದರಲ್ಲಿ ಬೆಳೆ ತೆಗೆಯುವ ಜಾಣ್ಮೆ ಮಾತ್ರ ನಮ್ಮದು. ಗೂಟದ ಮಾತೂ ಹಾಗೆಯೇ.

ಸಲಕರಣೆಗಳ ವಿಚಾರ ನೋಡೋಣ. ಕಾರ್ಬನ್ ನಾರಿನ ಉದ್ದನೆಯ ಕೋಲುಗಳಿಗೆ ಅಲ್ಲಿ ನಮ್ಮ ಲೆಕ್ಕದಲ್ಲಿ ಲಕ್ಷಾಂತರ ರೂಪಾಯಿ ಕೊಡುವವರಿದ್ದಾರೆ. ಆದರೆ ಪಂದ್ಯ ಗೆಲ್ಲಿಸುವುದು ಬಹುಮಟ್ಟಿಗೆ ಸಣ್ಣ ವಸ್ತುಗಳು. ಮೊದಲು ಕೊಕ್ಕೆಗೆ ಭಾರದ ತುಂಡೊಂದನ್ನು ಸಿಕ್ಕಿಸಿ ನೀರಿನ ಆಳವನ್ನು ಅಳೆಯುತ್ತಾರೆ. ಮಣ್ಣು ಪರೀಕ್ಷೆ ಇಲ್ಲದೆ ಗೊಬ್ಬರ ಹೇಗಿಲ್ಲವೋ, ಆಳ ಅಳೆಯದೆ ಗಾಳವೂ ಇಲ್ಲ. ಕೊಕ್ಕೆಗಳು ಬಲು ಸಣ್ಣವು, 18 ಅಥವಾ 20ನೆಯ ಸಂಖ್ಯೆಯವು. ಸಂಖ್ಯೆ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು. ನಿಧಾನವಾಗಿ ಹರಿಯುವ ನೀರಿನಲ್ಲಿ ಬೆಂಡನ್ನು ಅದರ ಕೆಳತುದಿಯಲ್ಲಿ ಮಾತ್ರ ದಾರಕ್ಕೆ ಜೋಡಿಸುತ್ತಾರೆ. ಆಗ ದಾರ ನೀರಿನೊಳಗೆ ಮುಳುಗಿದ್ದು, ಗಾಳಿ ಅದನ್ನು ಎಳೆಯುವುದಿಲ್ಲ. ಬೆಂಡಿನ ಕೆಳಗೆ ಸಣ್ಣ ಗುಂಡುಗಳನ್ನು ಅಂತರ ಬಿಟ್ಟು ಕಚ್ಚಿಸಿದರೆ ಕೊಕ್ಕೆಯ ಎರೆ, ಎರಚಿದ ಮೇವಿನಂತೆಯೇ ಮೆಲ್ಲಗೆ ಇಳಿಯುತ್ತದೆ. ಮೀನಿಗೆ ಸಂಶಯ ಬರುವುದಿಲ್ಲ.

ಎರೆಯ ಪೈಕಿ ಮುಖ್ಯವಾದುದು ನೊಣದ ಮರಿಹುಳು. ಈ ಹುಳು ಕೋಶವಾದಾಗ ರೋಚ್ ಮೀನಿಗೆ ಇನ್ನೂ ಪ್ರಿಯ. ಕೋಶ ಹೊಸದಾಗಿ, ತಿಳಿ ಬಣ್ಣದಲ್ಲಿದ್ದಾಗ ಮುಳುಗುತ್ತದೆ. ಬಲಿತು ಕಪ್ಪಾದರೆ ತೇಲುತ್ತದೆ. ಆದ್ದರಿಂದ ಹದ ನೋಡಿ ಆರಿಸಿ ತಂಪಿನಲ್ಲಿಡುತ್ತಾರೆ. ಬೇಯಿಸಿದ ಹೆಂಪ್ ಬೀಜ, ರೊಟ್ಟಿಯ ಪುಡಿ, ಮೆಕ್ಕೆಜೋಳದ ಕಾಳು ಇವೂ ಬಳಕೆಯಲ್ಲಿವೆ.

ಇನ್ನು ನನ್ನ ಅನುಭವ. ಪ್ರಯೋಗಾಲಯದ ಗೆಳೆಯರೊಬ್ಬರು ಲೈಸೆನ್ಸ್ ಕೊಡಿಸಿ, ಕೋಲು ಕೊಟ್ಟು, ಒಂದು ಪೈಂಟ್, ಅಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಹುಳು ಅಳೆದು ಕೊಟ್ಟು, ನನ್ನನ್ನೂ ಒಂದು ಪಂದ್ಯದಲ್ಲಿ ಕೂರಿಸಿದರು. ಹೆಚ್ಚು ಮೇವು ಹಾಕಿದರೆ ಹೆಚ್ಚು ಮೀನು ಎಂದು ತರ್ಕಿಸಿ, ಮೊದಲ ಅರ್ಧ ಗಂಟೆಯಲ್ಲೇ ಮುಕ್ಕಾಲು ಪಾಲನ್ನು ಎರಚಿಬಿಟ್ಟೆ. ಮೂರು ಸಣ್ಣ ರೋಚ್ ಸಿಕ್ಕವು. ಆಮೇಲೆ ಬೆಂಡು ಅಲುಗಲಿಲ್ಲ. ಪಕ್ಕದ ಗೂಟದ ಮುದುಕರು ಒಂದು ಸಲಕ್ಕೆ ಹತ್ತು ಹನ್ನೆರಡು ಹುಳುಗಳನ್ನಷ್ಟೇ ಎರಚುತ್ತಿದ್ದರು; ಆದರೆ ಗಾಳ ಬೀಸಿದಾಗಲೆಲ್ಲ, ಒಂದೇ ಜಾಗಕ್ಕೆ. ಸಂಜೆಗೆ ಅವರ ಬಲೆಚೀಲವನ್ನು ಎರಡು ಕೈಗಳಿಂದ ಎತ್ತಬೇಕಾಯಿತು. ನನ್ನ ಮುಖ ನೋಡಿ ಅವರು ಹೇಳಿದ್ದು ಅಲ್ಲಿನ ಗಾಳಗಾರರೆಲ್ಲರ ಬಾಯಲ್ಲಿರುವ ಮಾತು: ಹಾಕುವುದು ನಿನ್ನ ಕೈಯಲ್ಲಿದೆ, ಹಾಕಿದ್ದನ್ನು ತೆಗೆಯುವುದು ನಿನ್ನ ಕೈಯಲ್ಲಿಲ್ಲ.

ಇದರ ಹಿಂದಿನ ಕಾರಣ ಸ್ಪಷ್ಟ. ಮೀನಿನ ಮೈಯ ಉಷ್ಣತೆ ನೀರಿನ ಉಷ್ಣತೆಯನ್ನು ಅನುಸರಿಸುತ್ತದೆ. ನೀರು ತಣ್ಣಗಿದ್ದರೆ ಹಸಿವು ಕಡಿಮೆ. ಹೊಟ್ಟೆ ತುಂಬಿದ ಮೀನು ಕೊಕ್ಕೆಯ ಕಡೆ ತಿರುಗಿ ನೋಡುವುದಿಲ್ಲ. ಆದ್ದರಿಂದ ಮೀನು ಕಚ್ಚುವುದು ನಿಂತಾಗ ನುರಿತವನು ಮೇವು ಹೆಚ್ಚಿಸುವುದಿಲ್ಲ. ಆಳ ಬದಲಿಸಿ ನೋಡುತ್ತಾನೆ, ಕೊಕ್ಕೆ ಸಣ್ಣದು ಮಾಡುತ್ತಾನೆ, ಮೊದಲೇ ಮೇವು ಹಾಕಿಟ್ಟ ಇನ್ನೊಂದು ಜಾಗಕ್ಕೆ ಹೋಗಿ ಮೊದಲಿನದಕ್ಕೆ ವಿರಾಮ ಕೊಡುತ್ತಾನೆ. ಹಾಗೆಂದು ಇದೊಂದು ಕುರುಡು ನಿಯಮವೂ ಅಲ್ಲ. ತಳದಲ್ಲಿ ಗುಂಪಾಗಿ ಮೇಯುವ ಬ್ರೀಮ್ ಮೀನಿಗೆ ಆರಂಭದಲ್ಲೇ ಮೇವಿನ ಉಂಡೆಗಳನ್ನು ಹಾಕಿ, ಆಮೇಲೆ ಸದ್ದಿಲ್ಲದೆ ಕಾಯುವುದು ಲೇಸು. ಅದು ಮೂಲಗೊಬ್ಬರವಿದ್ದಂತೆ, ರೋಚ್ ಮೀನಿಗೆ ಕೊಡುವುದು ಮೇಲುಗೊಬ್ಬರ. ಯಾವುದು ಎಲ್ಲಿಗೆ ಎಂದು ತಿಳಿದವನೇ ಬಲ್ಲವನು.

ಹಾಕಿದ್ದನ್ನು ತೆಗೆಯಲಾಗದೆಂಬುದಕ್ಕೆ ಅದೇ ದಡಗಳಲ್ಲಿ ಇನ್ನೊಂದು, ಹೆಚ್ಚು ಕಹಿಯಾದ ಸಾಕ್ಷಿಯಿದೆ. ಹಿಂದೆ ದಾರಕ್ಕೆ ಕಚ್ಚಿಸುತ್ತಿದ್ದ ಗುಂಡುಗಳು ಸೀಸದವು. ಕೈಜಾರಿ ಬಿದ್ದ, ಕಡಿದ ದಾರದೊಡನೆ ಹೋದ ಗುಂಡುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹಂಸಗಳು ಆಹಾರ ಅರೆಯಲು ಸಣ್ಣ ಕಲ್ಲುಗಳನ್ನು ನುಂಗುತ್ತವೆ. ಕಲ್ಲಿನ ಜೊತೆ ಸೀಸವನ್ನೂ ನುಂಗಿದವು. ವಿಷವೇರಿ, ಸ್ನಾಯುಗಳು ಸೋತು, ಕತ್ತು ಎತ್ತಲಾರದೆ, ತಿಂದದ್ದು ಅರಗದೆ ಸತ್ತವು. ಥೇಮ್ಸ್ ನದಿಯ ಹಂಸಗಳು ತೀರಾ ಕಡಿಮೆಯಾದವು. ಗಾಳಗಾರರು ತಾವಾಗಿಯೇ ಸೀಸ ಬಿಡಲೆಂದು ಮಾಡಿದ ಮನವಿ ಸಾಲದೆ ಹೋಗಿ, 1987ರ ಜನವರಿ 1ರಿಂದ 0.06 ಗ್ರಾಂನಿಂದ 28.35 ಗ್ರಾಂವರೆಗಿನ ಸೀಸದ ಗುಂಡುಗಳ ಮಾರಾಟವನ್ನು ಕಾನೂನಿನಿಂದಲೇ ನಿಲ್ಲಿಸಬೇಕಾಯಿತು. ಸೀಸವಿಲ್ಲದೆ ಗಾಳವಿಲ್ಲ ಎಂದವರೂ ಇದ್ದರು. ಬೇರೆ ಲೋಹದ ಗುಂಡುಗಳು ಬಂದವು, ಪಂದ್ಯಗಳು ನಡೆದೇ ಇವೆ, ಹಂಸಗಳು ಮರಳಿ ಹೆಚ್ಚಿದವು. ನನ್ನ ಅಭಿಪ್ರಾಯದಲ್ಲಿ ಕಾನೂನು ಬರುವವರೆಗೆ ಕಾದದ್ದೇ ಅವರ ತಪ್ಪು.

ನಾವೂ ಹಾಗೆ ಕಾಯುತ್ತಿಲ್ಲವೆ? ಭತ್ತಕ್ಕೆ ಸಾರಜನಕದ ಅರ್ಧ ಪಾಲನ್ನು ನಾಟಿಯ ಹೊತ್ತಿಗೆ, ಉಳಿದುದನ್ನು ತೆಂಡೆಯೊಡೆಯುವಾಗ ಮತ್ತು ತೆನೆ ಮೂಡುವಾಗ ಎರಡು ಕಂತುಗಳಲ್ಲಿ ಕೊಡಿರೆಂದು ನಾವು ಹೇಳುತ್ತಲೇ ಬಂದಿದ್ದೇವೆ. ಆದರೂ ಮಳೆ ಬಂದಿತೆಂದು, ಮೂಟೆ ಮನೆಯಲ್ಲಿದೆಯೆಂದು, ಪಕ್ಕದವನ ಗದ್ದೆ ಹಸಿರಾಗಿದೆಯೆಂದು ಯೂರಿಯಾ ಒಮ್ಮೆಗೇ ಬೀಳುತ್ತದೆ. ಬೆಳೆ ಹೀರಿದ್ದು ಹೀರಿತು. ಉಳಿದದ್ದು ಗಾಳಿಗೆ, ಬಸಿನೀರಿಗೆ, ಕೊನೆಗೆ ಕೆರೆಗೆ, ಬಾವಿಗೆ. ಪೈರು ಸೊಕ್ಕಿ ಮಲಗುತ್ತದೆ, ಬೆಂಕಿರೋಗಕ್ಕೆ ತುತ್ತಾಗುತ್ತದೆ. ಆಗ ಔಷಧದ ಡಬ್ಬಿ ತೆರೆಯುತ್ತೇವೆ. ಅದೂ ಹಿಂದಕ್ಕೆ ಬಾರದ್ದೇ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ನಮಗೇನೂ ಹೊಸದಲ್ಲ.

ಸೋತ ಪಂದ್ಯವನ್ನು ನಾನು ಮುಂದಿನ ಭಾನುವಾರ ಮತ್ತೆ ಆಡಬಹುದಿತ್ತು. ರೈತನಿಗೆ ಆ ಸೌಲಭ್ಯವಿಲ್ಲ. ಅವನಿಗೆ ಮುಂದಿನ ಭಾನುವಾರವೆಂದರೆ ಮುಂದಿನ ವರ್ಷ. ಆದಕಾರಣ ಈ ಹಂಗಾಮಿನಲ್ಲಿ ಚೀಲದ ಬಾಯಿ ಬಿಚ್ಚುವ ಮುನ್ನ ಮಣ್ಣು ಪರೀಕ್ಷೆಯ ಚೀಟಿಯನ್ನು ಒಮ್ಮೆ ನೋಡಿರಿ, ಪೈರಿನ ಬಳಿ ನಿಂತು ಅದಕ್ಕೆ ಹಸಿವಿದೆಯೇ ಎಂದು ವಿಚಾರಿಸಿರಿ. ಅನಂತರ ಅಳೆದು, ಕಂತಿನಲ್ಲಿ ಹಾಕಿರಿ. ಕೈಯಲ್ಲಿ ಉಳಿದದ್ದನ್ನು ನಾಳೆ ಹಾಕಲು ಯಾವ ಅಡ್ಡಿಯೂ ಇಲ್ಲ.