ಟ್ರ್ಯಾಕ್‌ಗೆಂದು ಮಾರ್ಪಡಿಸಿದ ಬೈಕ್ ಮಾರಾಟ: ಆರ್‌ಸಿಯಲ್ಲಿರುವ ಬೈಕ್ ಒಂದು, ಕಣ್ಣೆದುರಿಗಿರುವುದು ಇನ್ನೊಂದು

2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಹೊಸ ಜಿಎಸ್‌ಟಿ ದರಗಳು ದೇಶದ ಬೈಕ್ ಮಾರುಕಟ್ಟೆಯನ್ನು 350 ಸಿಸಿ ಗೆರೆಯಲ್ಲಿ ಎರಡು ಹೋಳು ಮಾಡಿದವು. ಗೆರೆಯ ಕೆಳಗಿನ ಬೈಕ್‌ಗಳಿಗೆ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಮೇಲಿನವುಗಳಿಗೆ ಸೆಸ್ ಸೇರಿ ಶೇ 31 ಇದ್ದದ್ದು ಶೇ 40 ಆಯಿತು. ಲೆಕ್ಕ ಸರಳ. ತೆರಿಗೆ ಬಿಟ್ಟು 2 ಲಕ್ಷ ರೂಪಾಯಿ ಬೆಲೆಯ ಸಣ್ಣ ಸ್ಪೋರ್ಟ್ ಬೈಕ್ 20 ಸಾವಿರ ಅಗ್ಗವಾಗಬೇಕು, 3 ಲಕ್ಷದ ದೊಡ್ಡ ಬೈಕ್ 27 ಸಾವಿರ ತುಟ್ಟಿಯಾಗಬೇಕು.

ಇದರ ಬಿಸಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೂ ತಟ್ಟುತ್ತದೆ. ಯಮಹಾ ಆರ್‌15, ಅಪಾಚೆ ಆರ್‌ಆರ್ 310, ನಿಂಜಾ 300 ಇಟ್ಟುಕೊಂಡವರು ಹಳೇ ಬೆಲೆ ಹೇಳಿದರೆ ಕೊಳ್ಳುವವರು ಹೊಸ ಬೈಕಿನ ದರಪಟ್ಟಿ ಮುಂದಿಡುತ್ತಾರೆ. ಕೆಟಿಎಂ ಆರ್‌ಸಿ 390, ನಿಂಜಾ 400, ಝಡ್‌ಎಕ್ಸ್-6ಆರ್ ಇರುವವರಿಗೆ ಮಾತ್ರ ಇದು ಮಾರಲು ಒಳ್ಳೇ ಕಾಲ. ಆದರೆ ಆ ಬೈಕ್ ಕಂಪನಿಯಿಂದ ಬಂದ ಹಾಗೇ ಇರಬೇಕು. ರೇಸ್ ಟ್ರ್ಯಾಕ್‌ನಲ್ಲಿ ಓಡಿಸಲೆಂದು ಬಿಚ್ಚಿ, ಕತ್ತರಿಸಿ, ಮತ್ತೆ ಕಟ್ಟಿದ ಬೈಕ್ ಆಗಿದ್ದರೆ ವಿಷಯವೇ ಬೇರೆ. ಅಲ್ಲಿ ಮಾಲೀಕ ಕೈಯಿಂದ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ ಎನ್ನುವುದು ಸಣ್ಣ ಸಮಸ್ಯೆ. ಕಾನೂನಿನಲ್ಲಿ ಇಂಥ ಬೈಕಿಗೆ ಒಂದು ಹೆಸರೇ ಇಲ್ಲ ಎನ್ನುವುದು ದೊಡ್ಡದು.

ಇಂಥ ಬೈಕ್ ಹುಟ್ಟುವುದು ಹೇಗೆ?

ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈನಲ್ಲಿ 1990ರಲ್ಲಿ ಶುರುವಾದ ಟ್ರ್ಯಾಕ್ ಇದೆ. ಈಗ ಅದರ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ, ಗ್ರೇಟರ್ ನೋಯ್ಡಾದಲ್ಲಿ ಬುದ್ಧ ಸರ್ಕಿಟ್. ಇವುಗಳಲ್ಲಿ 'ಟ್ರ್ಯಾಕ್ ಡೇ' ಹೆಸರಿನಲ್ಲಿ ಶುಲ್ಕ ಕಟ್ಟಿದ ಸಾಮಾನ್ಯ ಸವಾರರಿಗೂ ಅವಕಾಶ ಸಿಗುತ್ತದೆ. ಬೆಂಗಳೂರಿನ ಹುಡುಗರು ಶುಕ್ರವಾರ ಸಂಜೆ ಆಫೀಸು ಮುಗಿಸಿ ಸುಮಾರು 300 ಕಿ.ಮೀ. ದೂರದ ಇರುಂಗಾಟ್ಟುಕೋಟ್ಟೈಗೆ ಹೊರಡುವುದು ಹೊಸ ಸಂಗತಿಯಲ್ಲ. ವೇಗದ ಚಟ ಹೆದ್ದಾರಿಗಿಂತ ಅಲ್ಲಿ ತೀರಿದರೆ ಎಲ್ಲರಿಗೂ ಒಳ್ಳೆಯದೇ.

ಮೊದಲ ಸಲ ಹೋದವರು ಕನ್ನಡಿ ಬಿಚ್ಚಿಟ್ಟು, ಹೆಡ್‌ಲೈಟ್‌ಗೆ ಟೇಪ್ ಅಂಟಿಸಿ ಓಡಿಸುತ್ತಾರೆ. ಮೂರನೇ ಸಲಕ್ಕೆ ಸೈಲೆನ್ಸರ್ ಬದಲಾಗಿರುತ್ತದೆ. ಒಮ್ಮೆ ಬಿದ್ದ ಮೇಲೆ ಕಂಪನಿಯ ದುಬಾರಿ ಫೇರಿಂಗ್ ಹೋಗಿ ಫೈಬರ್‌ಗ್ಲಾಸ್ ಬಾಡಿ ಬರುತ್ತದೆ. ಅದರಲ್ಲಿ ಹೆಡ್‌ಲೈಟ್‌ಗೆ ಜಾಗವೇ ಇರುವುದಿಲ್ಲ. ಆಮೇಲೆ ಹಿಂದಕ್ಕೆ ಸರಿಸಿದ ಫುಟ್‌ರೆಸ್ಟ್, ಕ್ವಿಕ್ ಶಿಫ್ಟರ್, ಸಸ್ಪೆನ್ಷನ್, ಇಸಿಯು ಟ್ಯೂನಿಂಗ್, ಗೀರೇ ಇಲ್ಲದ ಸ್ಲಿಕ್ ಟಯರ್. ಎರಡು ವರ್ಷದಲ್ಲಿ ಬೈಕ್ ರಸ್ತೆಗೆ ಪರಕೀಯವಾಗಿರುತ್ತದೆ, ಆದರೆ ಆರ್‌ಸಿಯಲ್ಲಿ ಅದು ಇನ್ನೂ ಷೋರೂಮಿನಿಂದ ಇಳಿದ ಬೈಕೇ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ತಾಳೆಯಾಗದಂತೆ ಮಾಲೀಕ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ ಸೆಕ್ಷನ್ 182ಎಯನ್ನು ಹೊಸದಾಗಿ ಬರೆಯಿತು. ಅನುಮತಿಯಿಲ್ಲದೆ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. 'ಪ್ರತಿ ಮಾರ್ಪಾಡಿಗೆ' ಎನ್ನುವುದನ್ನು ಗಮನಿಸಿ. ಶಬ್ದ ಮತ್ತು ಹೊಗೆಯ ಮಿತಿ ಮೀರಿದ್ದಕ್ಕೆ 10,000 ರೂಪಾಯಿವರೆಗಿನ ದಂಡ ಬೇರೆ.

ಫುಟ್‌ರೆಸ್ಟ್ ಹಿಂದೆ ಸರಿಸಿದ್ದೂ ಮಾರ್ಪಾಡೇ ಎಂದು ವಕೀಲರು ಬೇಕಾದಷ್ಟು ಹೊತ್ತು ವಾದಿಸಬಹುದು. ಹೆಡ್‌ಲೈಟ್, ಇಂಡಿಕೇಟರ್, ನಂಬರ್ ಪ್ಲೇಟ್ ಇಲ್ಲದ ಬೈಕ್ ರಸ್ತೆಗೆ ಇಳಿಯುವಂತಿಲ್ಲ ಎಂಬುದರಲ್ಲಿ ಮಾತ್ರ ವಾದವಿಲ್ಲ.

ಹಾಗಾದರೆ ಡೀಲರ್‌ಗೆ ಕೊಟ್ಟು ಕೈತೊಳೆದುಕೊಳ್ಳೋಣ ಎಂದರೆ, ನಿಯಮಕ್ಕೆ ವಿರುದ್ಧವಾದ ವಾಹನ ಮಾರುವ ಡೀಲರ್‌ಗೆ ಅದೇ 182ಎ ಒಂದು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡನ್ನೂ ಹೇಳುತ್ತದೆ. ಹೀಗಿರುವಾಗ 'ಸ್ಟಾಕ್ ಮಾಡಿ ತನ್ನಿ' ಎಂದು ಡೀಲರ್ ಹೇಳಿದರೆ ಅದು ಬರೀ ಚೌಕಾಸಿಯ ಮಾತಲ್ಲ. ಕೊನೆಗೆ ಉಳಿಯುವುದು ಒಬ್ಬ ಸವಾರ ಇನ್ನೊಬ್ಬ ಸವಾರನಿಗೆ ನೇರವಾಗಿ ಮಾರುವ ದಾರಿ. 'ಟ್ರ್ಯಾಕ್ ಬಳಕೆಗೆ ಮಾತ್ರ' ಎಂದು ಜಾಹೀರಾತಿನಲ್ಲಿ ಬರೆಯುತ್ತಾರೆ. ಆ ಮಾತು ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಮಾರಿದ ಮೇಲೂ ನಿಮ್ಮದೇ

ಕೈಗೆ ದುಡ್ಡು ಬಂತು, ಬೈಕ್ ಹೋಯಿತು, ಅಲ್ಲಿಗೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣವನ್ನು ಇವರು ಓದಬೇಕು. 2007ರಲ್ಲಿ ಮಾರಿದ ಕಾರು ಕೈಯಿಂದ ಕೈಗೆ ದಾಟುತ್ತಾ ಹೋಯಿತು. 2009ರಲ್ಲಿ ಅಪಘಾತವಾಗಿ ಒಂದು ಜೀವ ಹೋಯಿತು. ಆರ್‌ಸಿಯಲ್ಲಿ ಮೊದಲ ಮಾಲೀಕರ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ಅವರದ್ದೇ ಎಂದಿತು ಕೋರ್ಟ್. ಪರಿಹಾರಕ್ಕಾಗಿ ಕಾಯುವ ಕುಟುಂಬ ನಿಜವಾದ ಮಾಲೀಕ ಯಾರೆಂದು ಹುಡುಕುತ್ತಾ ಅಲೆಯಬಾರದು ಎನ್ನುವುದು ಇದರ ಹಿಂದಿನ ತರ್ಕ. ಅದು ನ್ಯಾಯವೂ ಹೌದು.

ಟ್ರ್ಯಾಕ್ ಬೈಕ್ ಮಾರುವವರಿಗೆ ಇದು ಎರಡು ಪಟ್ಟು ಅಪಾಯ. ಏಕೆಂದರೆ ಇಂಥ ವ್ಯವಹಾರದಲ್ಲೇ ಆರ್‌ಸಿ ವರ್ಗಾವಣೆ ಮುಂದಕ್ಕೆ ಹೋಗುತ್ತಿರುತ್ತದೆ. 'ಹೇಗೂ ರಸ್ತೆಗೆ ಇಳಿಸಲ್ಲ ಬ್ರೋ, ಹೆಸರು ಬದಲಾಯಿಸಿ ಏನು ಮಾಡೋದು' ಎನ್ನುತ್ತಾನೆ ಕೊಳ್ಳುವವನು. ಕೊಂಡವನು ಒಂದು ರಾತ್ರಿ ಹೆಡ್‌ಲೈಟ್ ಇಲ್ಲದ, ಸ್ಲಿಕ್ ಟಯರಿನ ಬೈಕನ್ನು 'ಇಲ್ಲೇ ಒಂದು ರೌಂಡ್' ಎಂದು ಹೊರತೆಗೆದರೆ? ಸ್ಲಿಕ್ ಟಯರ್ ಬಿಸಿಯಾಗದೆ ಹಿಡಿತ ಕೊಡುವುದಿಲ್ಲ, ನೀರು ನಿಂತ ರಸ್ತೆಯಲ್ಲಂತೂ ಜಾರುಬಂಡೆ. ಯಾರಿಗಾದರೂ ಗುದ್ದಿದರೆ ನೋಟಿಸ್ ಬರುವುದು ಆರ್‌ಸಿಯಲ್ಲಿರುವ ವಿಳಾಸಕ್ಕೆ.

ಕಾಯ್ದೆಯ ಸೆಕ್ಷನ್ 50ರ ಪ್ರಕಾರ ಅದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಬೇರೆ ರಾಜ್ಯವಾದರೆ 45 ದಿನ. ಕೊಂಡವರಿಗೆ 30 ದಿನ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟರಷ್ಟೇ ಸಾಲದು, ಅವು ಸಲ್ಲಿಕೆಯಾಗಿವೆಯೇ ಎಂದು ನೋಡುವವರೆಗೆ ಮಾರಾಟ ಮುಗಿದಿಲ್ಲ.

ಗಡಿ ದಾಟಿದ ಕೆಎ ಬೈಕ್

ಬೆಂಗಳೂರಿನಲ್ಲಿ ಬೈಕ್ ಕೊಂಡು, ಕೆಲಸಕ್ಕೆಂದು ಪುಣೆಗೋ ಹೈದರಾಬಾದಿಗೋ ಹೋದ ಕನ್ನಡಿಗರಿಗೆ ಇನ್ನೊಂದು ಗಂಟು ಇದೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರುವ ವಾಹನಕ್ಕೆ ಅಲ್ಲಿನ ನೋಂದಣಿ ಬೇಕು. ಅಲ್ಲಿಯವರಿಗೇ ಮಾರಬೇಕೆಂದರೂ ಕರ್ನಾಟಕದ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತರಬೇಕು. ಆಮೇಲೆ ಹೊಸ ರಾಜ್ಯದ ರಸ್ತೆ ತೆರಿಗೆ. ಕರ್ನಾಟಕದಲ್ಲಿ ಕಟ್ಟಿದ ಭಾರೀ ಆಜೀವ ತೆರಿಗೆಯ ಉಳಿಕೆಯನ್ನು ವಾಪಸ್ ಕೇಳಬಹುದು, ಆದರೆ ಅದಕ್ಕೆ ಬೇಕಾದ ತಾಳ್ಮೆಗೆ ಬೆಲೆ ಕಟ್ಟಲಾಗದು.

ರಾಜ್ಯದೊಳಗಿನ ವರ್ಗಾವಣೆ ಈಗ ಬಹುಮಟ್ಟಿಗೆ ಆನ್‌ಲೈನ್. ಬೇರೆ ರಾಜ್ಯದಲ್ಲಿ ಮರುನೋಂದಣಿ ಮಾಡುವಾಗ ಮಾತ್ರ ಇನ್‌ಸ್ಪೆಕ್ಟರ್ ಬೈಕ್ ನೋಡುತ್ತಾರೆ, ಚಾಸಿ ನಂಬರ್ ತಾಳೆ ಹಾಕುತ್ತಾರೆ. ಹೆಡ್‌ಲೈಟ್ ಜಾಗದಲ್ಲಿ ಸ್ಟಿಕರ್ ಅಂಟಿಸಿಕೊಂಡ ಬೈಕನ್ನು ಅಲ್ಲಿಗೆ ಒಯ್ಯಲಾಗದು. ಆದ್ದರಿಂದಲೇ ಟ್ರ್ಯಾಕ್ ಬೈಕ್ ಮಾರುವಾಗ ಅತಿ ಬೆಲೆಬಾಳುವ ವಸ್ತು ಯಾವುದೋ ವಿದೇಶಿ ಸಸ್ಪೆನ್ಷನ್ ಅಲ್ಲ, ಮನೆಯ ಅಟ್ಟದ ಮೇಲೆ ರಟ್ಟಿನ ಡಬ್ಬದಲ್ಲಿ ಇಟ್ಟ ಕಂಪನಿಯ ಮೂಲ ಬಿಡಿಭಾಗಗಳು. ಅವಿದ್ದರೆ ಬೈಕನ್ನು ಮೂಲರೂಪಕ್ಕೆ ತಂದು ಮಾರಬಹುದು, ರೇಸಿಂಗ್ ಭಾಗಗಳನ್ನು ಬೇಕಾದವರಿಗೆ ಬಿಡಿಯಾಗಿ ಕೊಡಬಹುದು. ದುಡ್ಡಿನ ಲೆಕ್ಕದಲ್ಲೂ ಇದೇ ಲಾಭ. ಒಬ್ಬರಿಗೆ ಬೇಕಾದ ಸಸ್ಪೆನ್ಷನ್ ಇನ್ನೊಬ್ಬರಿಗೆ ಬೇಡವಾಗಿರುತ್ತದೆ, ಒಟ್ಟಿಗೆ ಮಾರಿದರೆ ಎಲ್ಲಕ್ಕೂ ಹಳೇ ಕಬ್ಬಿಣದ ಬೆಲೆ.

ಕೊಳ್ಳುವವರು ನೋಡಬೇಕಾದ್ದು

ಇಲ್ಲಿ ಓಡೋಮೀಟರ್ ನಂಬಿ ಪ್ರಯೋಜನವಿಲ್ಲ. ಟ್ರ್ಯಾಕ್‌ನ ಕಿಲೋಮೀಟರ್‌ಗಳು ಕಡಿಮೆ, ಆದರೆ ಎಂಜಿನ್ ಅಷ್ಟೂ ಹೊತ್ತು ಕೆಂಪು ಗೆರೆಯ ಹತ್ತಿರ ದುಡಿದಿರುತ್ತದೆ. ಆಯಿಲ್ ಎಷ್ಟು ದಿನಕ್ಕೊಮ್ಮೆ ಬದಲಾಯಿಸಿದ್ದೀರಿ ಎಂದು ಕೇಳಿ, ಬಿಲ್ ತೋರಿಸಲು ಹೇಳಿ. ಫಳಫಳ ಹೊಳೆಯುವ ಹೊಸ ಫೈಬರ್ ಬಾಡಿ ಕಂಡರೆ ಅದನ್ನು ಬಿಚ್ಚಿಸಿ ಫ್ರೇಮ್ ನೋಡಿ. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ ಉಬ್ಬು ಮುರಿದಿದ್ದರೆ ಅಥವಾ ಜಜ್ಜಿದ್ದರೆ ಬೈಕ್ ಜೋರಾಗಿ ಬಿದ್ದಿದೆ ಎಂದೇ ಅರ್ಥ. 125 ಸಿಸಿ ಮೇಲಿನ ಹೊಸ ಬೈಕ್‌ಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಟ್ರ್ಯಾಕ್‌ಗೆಂದು ಅದನ್ನು ಕಿತ್ತಿದ್ದಾರೆಯೇ ಎಂದು ಕೇಳದೆ ಮುಂಗಡ ಕೊಡಬೇಡಿ. ಖಾಸಗಿ ಮಾರಾಟದಲ್ಲಿ ಗ್ರಾಹಕ ಕಾಯ್ದೆಯ ಆಸರೆ ಇಲ್ಲ. ದೋಷವನ್ನು ಬೇಕೆಂದೇ ಮುಚ್ಚಿಟ್ಟರೆ ಕರಾರು ಕಾಯ್ದೆಯಡಿ ವಂಚನೆ ಎನ್ನಬಹುದು, ಆದರೆ ಅದನ್ನು ಸಾಬೀತು ಮಾಡುತ್ತಾ ಸಿವಿಲ್ ಕೋರ್ಟಿಗೆ ಅಲೆಯಲು ಯಾರಿಗೆ ಪುರುಸೊತ್ತು?

ವಿಮೆಯ ಕಥೆ ಚಿಕ್ಕದು. ಸಾಮಾನ್ಯ ಪಾಲಿಸಿಗಳಲ್ಲಿ ರೇಸಿಂಗ್ ಮತ್ತು ವೇಗ ಪರೀಕ್ಷೆಗೆ ರಕ್ಷಣೆ ಇರುವುದಿಲ್ಲ. ಮಾರುವವರ ನೋ ಕ್ಲೇಮ್ ಬೋನಸ್ ಕೊಂಡವರಿಗೆ ದಾಟುವುದೂ ಇಲ್ಲ.

ಬೇಕಿರುವುದು ಒಂದು ಮಧ್ಯದ ದಾರಿ

ಬ್ರಿಟನ್‌ನಲ್ಲಿ ಮಾಲೀಕರು 'ಈ ವಾಹನ ರಸ್ತೆಗೆ ಇಳಿಯುವುದಿಲ್ಲ' ಎಂದು ಸರ್ಕಾರಕ್ಕೆ ಘೋಷಿಸಬಹುದು. 'ಸಾರ್ನ್' ಎಂದು ಅದರ ಹೆಸರು. ನೋಂದಣಿ ದಾಖಲೆ ಉಳಿಯುತ್ತದೆ, ರಸ್ತೆ ತೆರಿಗೆ ನಿಲ್ಲುತ್ತದೆ, ಬೈಕನ್ನು ವ್ಯಾನ್‌ನಲ್ಲಿ ಟ್ರ್ಯಾಕ್‌ಗೆ ಒಯ್ಯಬಹುದು. ನಮ್ಮಲ್ಲಿ ಇರುವುದು ಸೆಕ್ಷನ್ 55. ವಾಹನ ನಾಶವಾಗಿದ್ದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾಗಿದ್ದರೆ ನೋಂದಣಿ ರದ್ದು. ಓಡುವ ಬೈಕಿಗೆ ಅದು ಹೊಂದುವುದಿಲ್ಲ. ಹೇಗೋ ರದ್ದು ಮಾಡಿಸಿದರೂ ಟೆಂಪೊದಲ್ಲಿ ಹೋಗುವಾಗ ಪೊಲೀಸರು ತಡೆದರೆ ಅದು ಕದ್ದ ಬೈಕ್ ಅಲ್ಲ ಎಂದು ತೋರಿಸಲು ಆರ್‌ಸಿ ಇರುವುದಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಬುದ್ಧ ಸರ್ಕಿಟ್‌ನಲ್ಲಿ ಮೋಟೋಜಿಪಿ ನಡೆಸಿದ ದೇಶ ಇದು. ತಾತ್ಕಾಲಿಕವಾಗಿ ರಸ್ತೆಯಿಂದ ಹೊರಗಿಡುವ ಒಂದು ಆನ್‌ಲೈನ್ ಅರ್ಜಿ ಪರಿವಾಹನ್ ಜಾಲತಾಣಕ್ಕೆ ಭಾರವಾಗಲಾರದು. ಅಂಥ ಬೈಕ್ ರಸ್ತೆಯಲ್ಲಿ ಸಿಕ್ಕರೆ ದಂಡವನ್ನು ದುಪ್ಪಟ್ಟು ಮಾಡಲಿ, ಯಾರೂ ಬೇಡ ಎನ್ನುವುದಿಲ್ಲ.

ಅಲ್ಲಿಯವರೆಗೆ ಮಾರುವವರು ಮೂಲ ಬಿಡಿಭಾಗ ಹಾಕಿಸಿ, ಬಾಕಿ ಚಲನ್ ಕಟ್ಟಿ, ಸಾಲವಿದ್ದರೆ ಫಾರಂ 35 ಪಡೆದು ಮಾರುವುದೇ ಸುರಕ್ಷಿತ. ಬೈಕ್ ಕೊಡುವಾಗ ಇಬ್ಬರ ಸಹಿಯ ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಗಂಟೆ, ನಿಮಿಷವನ್ನೂ ಬರೆಸಿಕೊಳ್ಳಿ. 2018ರ ತೀರ್ಪಿನಿಂದ ಅದು ನಿಮ್ಮನ್ನು ಕಾಪಾಡದು. ಆದರೆ ಅದೇ ಸಂಜೆ ಆರೂವರೆಗೆ ಸಿಗ್ನಲ್ ಹಾರಿದ್ದು ನೀವಲ್ಲ ಎಂದು ಟ್ರಾಫಿಕ್ ಪೊಲೀಸರಿಗೆ ತೋರಿಸಲು ಕೈಯಲ್ಲೊಂದು ಕಾಗದ ಇರುತ್ತದೆ.